ಗಿಡವಿಲ್ಲದ ಜಾಗಕ್ಕೆ ನೀರು

ಈ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಕೂಲರಿನ ಹಳೆಯ ಹುಲ್ಲು ಕಿತ್ತು ಹೊಸ ಲಾವಂಚದ ಪದರ ಹಾಕಿಸಿದೆ. ನಾಗಪುರದಲ್ಲಿ ಅದನ್ನು ಖಸ್ ಅನ್ನುತ್ತಾರೆ. ಮೊದಲ ಸಲ ಅದರ ಮೇಲೆ ನೀರು ಇಳಿದಾಗ ಮನೆಯೆಲ್ಲ ಒಂದು ವಾಸನೆ ಹರಡುತ್ತದೆ: ಒಣ ಬೇರು, ತಗಡಿನ ತುಕ್ಕು, ಎಲ್ಲೋ ಆಳದ ಮಣ್ಣು...

ಸಂಜೆ ರೆಕಾರ್ಡ್ ಹಾಕಲು ಕೂತೆ. ಇಲ್ಲಿ ಬೇಸಿಗೆಯಲ್ಲಿ ರೆಕಾರ್ಡ್ ಕೇಳಬೇಕೆಂದರೆ ಕೂಲರ್ ನಿಲ್ಲಿಸಲೇಬೇಕು. ಅದು ಓಡುವಾಗ ಘಾಟಿ ಹತ್ತುವ ಬಸ್ಸಿನೊಳಗೆ ಕೂತಂತಿರುತ್ತದೆ. ನಿಲ್ಲಿಸಿದೆ. ಇನ್ನೂ ಮುಳ್ಳು ತಟ್ಟೆಗೆ ಇಳಿದಿರಲಿಲ್ಲ, ಎರಡೂ ಸ್ಪೀಕರುಗಳಿಂದ ಸಣ್ಣಗೆ, ಒಂದೇ ಸಮನೆ, ಗುಂಯ್ ಎನ್ನುವ ಸದ್ದು.

ಕೆಳಗಿನ ಮನೆಯ ಕಾಕು ಇದ್ದಿದ್ದರೆ ಇಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗುತ್ತಿತ್ತು.

ವಾಸನೆ, ಸದ್ದು, ಕಾಕು ಮೂರೂ ಒಟ್ಟಿಗೆ ಬಂದವು ಎಂದು ಬರೆಯಹೊರಟಿದ್ದೆ. ಬರಲಿಲ್ಲ. ವಾಸನೆ ಮಧ್ಯಾಹ್ನದ್ದು, ಸದ್ದು ಸಂಜೆಯದ್ದು. ನಡುವೆ ನಾನು ಹಾಲು ತಂದೆ, ಯಾರಿಗೋ ಫೋನ್ ಮಾಡಿದೆ. ನೆನಪು ಇಂಥ ನಡುವಿನದನ್ನೆಲ್ಲ ಕಿತ್ತುಹಾಕಿ ಚೊಕ್ಕ ಮಾಡಿಕೊಡುತ್ತದೆ. ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಕಡಿಮೆ. ಮುಂದೆ ಬರೆಯುವುದರಲ್ಲಿ ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಹೇಳುತ್ತೇನೆ.

ನಾನು ಮೈಸೂರಿನಿಂದ ಇಲ್ಲಿನ ನೀರು ಪರೀಕ್ಷೆಯ ಪ್ರಯೋಗಾಲಯವೊಂದಕ್ಕೆ ಕೆಲಸಕ್ಕೆ ಬಂದು ಏಳು ವರ್ಷವಾಯಿತು. ಅಜನಿ ಕಡೆಯ ಎರಡಂತಸ್ತಿನ ಕಟ್ಟಡದಲ್ಲಿ ಮೇಲಿನ ಮನೆ ಸಿಕ್ಕಿತು. ಕೆಳಗಿನ ಮನೆಯಲ್ಲಿ ಕಾಕು, ಅವರ ಅಣ್ಣನ ಮಗ, ಅವನ ಹೆಂಡತಿ. ಬಾಗಲಕೋಟೆ ಕಡೆಯವರು. ಕಾಕು ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಮ್ಮ ಓಣಿಯ ಮರಾಠಿಯವರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ಬಂದ ಹೊಸದರಲ್ಲಿ ಅವರನ್ನು ಕಂಡದ್ದು ಬಾಲ್ಕನಿಯಿಂದ. ಸಂಜೆ ಬಕೆಟ್ ತಂದು ಕಟ್ಟಡದ ಮೂಲೆಯಲ್ಲಿ ಬೋಳು ನೆಲಕ್ಕೆ ನೀರು ಹುಯ್ಯುತ್ತಿದ್ದರು. ಗಿಡವಿಲ್ಲ, ಬಳ್ಳಿಯಿಲ್ಲ. ಹತ್ತಿಪ್ಪತ್ತು ಹೆಜ್ಜೆ ಆಚೆ ಒಣಗುತ್ತಿದ್ದ ತುಳಸಿಯ ಕಡೆ ನೋಡುತ್ತಲೂ ಇರಲಿಲ್ಲ. ಸ್ವಲ್ಪ ತಲೆ ಕೆಟ್ಟಿರಬೇಕು ಅಂದುಕೊಂಡೆ. ಮರೆಯಲು ಇಷ್ಟವಿದ್ದರೂ ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ.

ರೆಕಾರ್ಡಿನ ಹುಚ್ಚು ಹತ್ತಿದ್ದು ಎರಡನೆಯ ವರ್ಷ. ಸೂಟ್‌ಕೇಸಿನಂತೆ ಮುಚ್ಚಿ ತೆರೆಯುವ ಪುಟ್ಟ ಪ್ಲೇಯರ್ ಕೊಂಡಿದ್ದೆ. ಅದರೊಳಗೇ ಸ್ಪೀಕರು. ಅದರ ಮುಳ್ಳು ಹಾಡನ್ನು ಓದುತ್ತಿರಲಿಲ್ಲ, ಉಳುತ್ತಿತ್ತು. ಆಮೇಲೆ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಹಳೆಯ, ಭಾರವಾದ ಪ್ಲೇಯರ್ ಸಿಕ್ಕಿತು. ಅದಕ್ಕೊಂದು ಆಂಪ್ಲಿಫೈಯರ್ ಬೇಕು, ಆಂಪ್ಲಿಫೈಯರಿಗೆ ಬೇರೆ ಸ್ಪೀಕರ್ ಬೇಕು ಎಂಬುದೂ ಗೊತ್ತಿಲ್ಲದೆ ತಂದುಬಿಟ್ಟಿದ್ದೆ. ನಾಲ್ಕು ತಿಂಗಳು ಅದು ಸುಮ್ಮನೆ ತಿರುಗುವ ತಟ್ಟೆಯಾಗಿತ್ತು. ನಾನು ಕಿವಿಯನ್ನು ಮುಳ್ಳಿನ ಹತ್ತಿರ ತಂದು, ಅದರಿಂದ ಬರುವ ಇರುವೆಯ ದನಿಯಷ್ಟು ಹಾಡು ಕೇಳುತ್ತಿದ್ದೆ.

ಆಂಪ್ಲಿಫೈಯರ್ ಬಂದ ದಿನ ತಂತಿಗಳನ್ನೆಲ್ಲ ಜೋಡಿಸಿದೆ. ಒಂದು ತೆಳು ಹಸಿರು ತಂತಿ ಉಳಿಯಿತು. ಇದು ಹೆಚ್ಚಿನದಿರಬೇಕು ಎಂದು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಸ್ವಿಚ್ ಒತ್ತಿದರೆ ಹಾಡಿಗಿಂತ ಜೋರಾಗಿ ಗುಂಯ್. ಹಳೆಯ ಯಂತ್ರದ ಸ್ವಭಾವವೇ ಹೀಗೆ ಎಂದು ಅದನ್ನೂ ಸೇರಿಸಿಯೇ ಹಾಡು ಕೇಳಿದೆ. ಮೂರನೆಯ ದಿನ ಬಾಗಿಲು ಬಡಿಯಿತು.

"ತಂಗೀ, ನಿಮ್ಮ ಮನಿಯಾಗ ಏನರ ಸಾಯಾಕತ್ತೈತೇನವಾ?"

"ಕಾಕು... ಬನ್ನಿ. ಇಲ್ಲ, ರೆಕಾರ್ಡ್ ಪ್ಲೇಯರು."

"ಅದ ಸಾಯಾಕತ್ತೈತಿ ಹಂಗಾರ. ಮೂರು ದಿನ ಆತು, ನನ್ನ ತಲಿ ಮ್ಯಾಲೆ ಗುಂಯ್ ಅಂತೈತಿ. ಅರ್ಥ್ ಎಲ್ಲಿ ಕೊಟ್ಟೀ?"

ಅರ್ಥ್ ಎಂದರೇನು ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ರಬ್ಬರ್ ಬ್ಯಾಂಡ್ ಬಿಚ್ಚಿ, ಹಸಿರು ತಂತಿಯ ತುದಿಯನ್ನು ಆಂಪ್ಲಿಫೈಯರ್ ಹಿಂದಿನ ಒಂದು ಸಣ್ಣ ತಿರುಪಿನ ಕೆಳಗೆ ತೂರಿಸಿ, ಹೆಬ್ಬೆರಳಿನ ಉಗುರಿನಿಂದಲೇ ಬಿಗಿ ಮಾಡಿದರು. ಸದ್ದು ನಿಂತಿತು. ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗೆ ಅನ್ನಿಸಿತು.

"ಬರೋಬರ್," ಎಂದರು, ಈಗ ಸರಿಯಾಯಿತು ಎನ್ನುವ ಹಾಗೆ.

ಅವತ್ತೇ ಬೋಳು ನೆಲದ ವಿಷಯವೂ ತಿಳಿಯಿತು. ಅಲ್ಲಿ ಕಟ್ಟಡದ ಅರ್ಥಿಂಗ್ ಗುಂಡಿ ಇತ್ತು. ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸಲು ಉಪ್ಪು, ಇದ್ದಲು ತುಂಬಿ ಹೂತ ಕೊಳವೆ. ಮಣ್ಣು ತೇವವಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕಾಕುವಿನ ಆಫೀಸಿನಲ್ಲೂ ಇಂಥದೇ ಗುಂಡಿ ಇತ್ತಂತೆ. ನಾಗಪುರದ ಬಿಸಿಲಿಗೆ ಅದರ ಮಣ್ಣು ಒಣಗಿ ಬಿರುಕು ಬಿಟ್ಟರೆ, ಎಕ್ಸ್‌ಚೇಂಜಿನ ಲೈನುಗಳೆಲ್ಲ ಒಟ್ಟಿಗೆ ಗುಂಯ್ ಎನ್ನುತ್ತಿದ್ದವಂತೆ. ಅದಕ್ಕೆ ಮೇ ತಿಂಗಳಲ್ಲಿ ಡ್ಯೂಟಿಗೆ ಬಂದವರು ಮೊದಲು ಹಿತ್ತಲಿಗೆ ಹೋಗಿ ಗುಂಡಿಗೆ ಒಂದು ಬಕೆಟ್ ನೀರು ಹಾಕಿ, ಆಮೇಲೆ ಹೆಡ್‌ಸೆಟ್ ಕಿವಿಗೆ ಹಾಕಿಕೊಳ್ಳಬೇಕು.

"ಗುಂಡಿ ಐತಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಹುಡುಗ ಖಾಪರಖೇಡಾದಾಗ ಊರಿಗೆಲ್ಲ ಕರೆಂಟ್ ಮಾಡತಾನ. ಮನಿ ಅರ್ಥ್ ಎಲ್ಲೈತಿ ಅಂದ್ರ ತುಳಸಿ ಕಡೆ ಕೈ ಮಾಡತಾನ."

ಅವರ ಅಣ್ಣನ ಮಗ ಅಲ್ಲಿನ ವಿದ್ಯುತ್ ಸ್ಥಾವರದ ಕಲ್ಲಿದ್ದಲು ವಿಭಾಗದಲ್ಲಿದ್ದ. ಅವನ ಬಗ್ಗೆ ಈ ಮಾತನ್ನು ಅವರು ಅವನ ಎದುರಿಗೂ ಹೇಳುತ್ತಿದ್ದರು.

ಹಾಗೆ ಕಾಕು ನನ್ನ ವ್ಯವಸ್ಥೆಯ ಒಂದು ಭಾಗವಾದರು. ನಾನು ಒಂದೊಂದೇ ಸಾಮಾನು ಸೇರಿಸುತ್ತಿದ್ದೆ, ಅವರು ಬಂದು ಕೇಳಿ ತೀರ್ಪು ಕೊಡುತ್ತಿದ್ದರು. ಕುರ್ಚಿಯನ್ನು ಅಡ್ಡ ತಿರುಗಿಸಿ, ಎಡಗಿವಿ ಸ್ಪೀಕರಿನ ಕಡೆ, ಮುಖ ಕಿಟಕಿಯ ಕಡೆ ಮಾಡಿ ಕೂರುತ್ತಿದ್ದರು. ಮೂವತ್ತು ವರ್ಷ ಒಂದು ಕಿವಿಗೆ ಹೆಡ್‌ಸೆಟ್ ಹಾಕಿದವರ ಅಭ್ಯಾಸ ಅಂದುಕೊಂಡೆ. ಹೊಸ ಮುಳ್ಳು ಹಾಕಿದಾಗ "ಮೊದಲಿನಾಕಿಗೆ ನೆಗಡಿ ಆಗಿತ್ತು" ಎಂದರು. ಬೀದಿಯಲ್ಲಿ ಲಾರಿ ಹೋದರೆ ಮುಳ್ಳು ಜಿಗಿಯುತ್ತದೆ ಎಂದಾಗ ಹಳೆಯ ಹವಾಯಿ ಚಪ್ಪಲಿಯನ್ನು ನಾಲ್ಕು ತುಂಡು ಮಾಡಿ ಪ್ಲೇಯರಿನ ಕಾಲ ಕೆಳಗಿಟ್ಟರು. ಅದರ ಕೆಳಗೆ ಭಾರದ ಕಲ್ಲು ಬೇಕು ಎಂದು ನನ್ನನ್ನು ಇತವಾರಿ ಪೇಟೆಗೆ ಕರೆದುಕೊಂಡು ಹೋದರು. ಕೈಗಾಡಿಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದು, ಒಂದು ಅಂಗಡಿಯಲ್ಲಿ ಕಡಪಾ ಕಲ್ಲಿನ ತುಂಡುಗಳನ್ನು ಬೆರಳ ಗಂಟಿನಿಂದ ತಟ್ಟಿ ತಟ್ಟಿ ಕೇಳಿದರು.

"ಇತ್ನಾ ಛೋಟಾ ಪತ್ಥರ್, ಮೌಶೀ? ಕಿಚನ್ ಕೇ ಲಿಯೇ?" ಇಷ್ಟು ಸಣ್ಣ ಕಲ್ಲು ಅಡುಗೆಮನೆಗೋ ಎಂದು ಅಂಗಡಿಯವನು ಕೇಳಿದ.

"ಗಾನೇವಾಲೀ ಬೈಠೇಗೀ ಇಸ್ ಪರ್," ಹಾಡುವವಳು ಕೂರುತ್ತಾಳೆ ಇದರ ಮೇಲೆ, ಎಂದರು ಕಾಕು.

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇನ್ನೂ ದೊಡ್ಡ ತುಂಡು ತೋರಿಸಿದ.

ನನ್ನ ಆಸೆ ಒಂದೇ ಆಗಿತ್ತು. ಸ್ಟೀರಿಯೊ ಸರಿಯಾಗಿ ಕೂತರೆ, ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಹಾಡುವವಳು ಬಂದು ನಿಲ್ಲುತ್ತಾಳೆ ಎಂದು ಓದಿದ್ದೆ. ಅವಳ ಬಲಕ್ಕೆ ಒಂದು ವಾದ್ಯ, ಎಡಕ್ಕೆ ಒಂದು. ಅದಕ್ಕಾಗಿ ಸ್ಪೀಕರುಗಳನ್ನು ಬೆರಳಗಲ ಆಚೆ, ಬೆರಳಗಲ ಈಚೆ ಸರಿಸುತ್ತ ಎರಡು ಚಳಿಗಾಲ ಕಳೆದೆ. ಒಂದು ಭಾನುವಾರ ಅವಳು ಬಂದಳು. ನಿಜವಾಗಿಯೂ ನಡುವೆ, ಗೋಡೆಯ ಕ್ಯಾಲೆಂಡರಿನ ಕೆಳಗೆ, ಉಸಿರು ಎಳೆದುಕೊಳ್ಳುವುದು ಕೇಳುವಷ್ಟು ಹತ್ತಿರ. ಕೆಳಗೆ ಓಡಿಹೋಗಿ ಕಾಕುವನ್ನು ಎಳೆದುಕೊಂಡು ಬಂದೆ. ಅಡ್ಡ ಇದ್ದ ಕುರ್ಚಿಯನ್ನು ನೇರ ಮಾಡಿ ಕೂರಿಸಿದೆ. "ಅಲ್ಲಿ ನೋಡಿ ಕಾಕು, ಅಲ್ಲಿ!" ಎಂದು ಕೈ ತೋರಿಸಿದೆ.

ಅವರು ಆ ಕಡೆ ನೋಡಿದರು. "ಹೌದವಾ. ನಡುವ ನಿಂತಾಳ."

ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೆಂದರೆ, ಈಗ ಅದರಲ್ಲಿ ಅವರ ದನಿ ಉಳಿದಿಲ್ಲ, ನನ್ನದೇ ಕೇಳುತ್ತದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ಪ್ರಯೋಗಾಲಯದವಳು. ನೀರು ಚೆನ್ನಾಗಿದೆ ಎಂದರೆ ಸಾಲದು, ಸೀಸೆಗೆ ಚೀಟಿ ಅಂಟಿಸಬೇಕು. ಹೋಳಿ ಹಬ್ಬಕ್ಕೆ ಕೆಲವು ದಿನ ಮುಂಚೆ ಕಾಕು ಬಂದಿದ್ದಾಗ, "ಕಣ್ಣು ಮುಚ್ಚಿ, ದನಿ ಎಲ್ಲಿಂದ ಬರ್ತಿದೆ ಕೈ ತೋರಿಸಿ" ಎಂದೆ. ಆಟದ ಹಾಗೆ. ಆಂಪ್ಲಿಫೈಯರಿನ ನಾಬ್ ತಿರುಗಿಸಿ ಹಾಡನ್ನೆಲ್ಲ ಬಲಗಡೆಯ ಸ್ಪೀಕರಿಗೆ ಕಳಿಸಿದೆ. ಕಾಕು ಕಣ್ಣು ಮುಚ್ಚಿ ನಡುವೆ ಕೈ ತೋರಿಸಿದರು. ಮತ್ತೆ ಕೇಳಿದೆ. ಸ್ವಲ್ಪ ಯೋಚಿಸಿ ಎಡಕ್ಕೆ ತೋರಿಸಿದರು. ನಾನು ನಕ್ಕುಬಿಟ್ಟೆ. "ಕಾಕು, ಎಡಗಡೆದು ಬಂದ್ ಇದೆ!"

ಅವರು ಕಣ್ಣು ತೆರೆದು ನಾಬಿನ ಮೇಲಿದ್ದ ನನ್ನ ಕೈ ನೋಡಿದರು.

"ಪರೀಕ್ಷಾ ಮಾಡಾಕತ್ತಿದ್ದೇನು?"

ಚಹದ ಲೋಟ ಕೆಳಗಿಟ್ಟರು. ಅರ್ಧ ಉಳಿದಿತ್ತು. ಮೆಟ್ಟಿಲಿಳಿದು ಹೋದರು. ಸಿಟ್ಟಿನಿಂದ ಹೋಗಲಿಲ್ಲ. ಸಿಟ್ಟಾಗಿದ್ದರೆ ಬೈಯುತ್ತಿದ್ದರು.

ಆಮೇಲೆ ಬರಲಿಲ್ಲ. ನಾನು ಎರಡು ಸಲ ಕೆಳಗೆ ಹೋದೆ. ಒಮ್ಮೆ ಮಲಗಿದ್ದಾರೆ ಎಂದು ಸೊಸೆ ಹೇಳಿದಳು. ಇನ್ನೊಮ್ಮೆ ಅವರೇ ಬಾಗಿಲು ತೆರೆದು, ಹೋಳಿ ಹಬ್ಬಕ್ಕೆ ಮಾಡಿದ ಕರಂಜಿಯನ್ನು, ಅಂದರೆ ಕರ್ಜಿಕಾಯಿಯನ್ನು, ಡಬ್ಬಿಯಲ್ಲಿ ಹಾಕಿಕೊಟ್ಟು, "ಕೆಲಸ ಐತಿ ತಂಗೀ" ಎಂದರು. ಸಂಜೆ ಗುಂಡಿಗೆ ನೀರು ಹಾಕುವಾಗ ಮೇಲೆ ನೋಡುತ್ತಿರಲಿಲ್ಲ. ಅವರಿಗೆ ಕಿವಿಯೇ ದೊಡ್ಡ ಹೆಮ್ಮೆ ಎಂದು ನನಗೆ ಗೊತ್ತಿತ್ತು. ಬರೀ ಕೆಮ್ಮು ಕೇಳಿ ಲೈನಿನಲ್ಲಿರುವ ಸಾಹೇಬರು ಯಾರೆಂದು ಹೇಳುತ್ತಿದ್ದವರು ಅವರು. ಗೊತ್ತಿದ್ದೂ ನಕ್ಕಿದ್ದೆ. ಕ್ಷಮೆ ಕೇಳಬೇಕೆಂದರೆ ಏನೆಂದು ಕೇಳುವುದು? ಕೇಳಿದರೆ, ನಾನು ಏನು ಕಂಡುಹಿಡಿದೆ ಎಂಬುದನ್ನು ಮತ್ತೊಮ್ಮೆ ಅವರ ಮುಂದೆ ಇಟ್ಟ ಹಾಗಾಗುತ್ತಿತ್ತು.

ಬಿಸಿಲು ಏರತೊಡಗಿತು. ಓಣಿಯಲ್ಲಿ ಒಬ್ಬೊಬ್ಬರೇ ಕೂಲರುಗಳನ್ನು ಹೊರಗೆ ತೆಗೆದು ತೊಳೆಯುತ್ತಿದ್ದರು. ಕೆಳಗಿನ ಕಿಟಕಿಯಲ್ಲೂ ಕೂಲರ್ ಬಂದು ಕೂತಿತು; ಇನ್ನೂ ನೀರು ತುಂಬಿರಲಿಲ್ಲ. ಅದು ಒಮ್ಮೆ ಶುರುವಾದರೆ ಮಳೆ ಬರುವವರೆಗೆ ಯಾರ ಮನೆಯ ಸದ್ದೂ ಯಾರಿಗೂ ಕೇಳುವುದಿಲ್ಲ. ನನ್ನ ಹತ್ತಿರ ಇನ್ನು ಒಂದೆರಡು ದಿನವಷ್ಟೇ ಇತ್ತು.

ಆ ಸಂಜೆ ಆಂಪ್ಲಿಫೈಯರನ್ನು ಈಚೆಗೆ ಎಳೆದು ಹಸಿರು ತಂತಿಯ ತಿರುಪನ್ನು ಸಡಿಲ ಮಾಡಿದೆ. ಸಾಲದೆಂದು ತಂತಿಯನ್ನೇ ಹೊರಗೆ ತೆಗೆದೆ. ರೆಕಾರ್ಡ್ ಹಾಕಲಿಲ್ಲ. ವಾಲ್ಯೂಮ್ ಏರಿಸಿದೆ. ಗುಂಯ್... ಸ್ಪೀಕರುಗಳನ್ನು ಅವರ ಕೋಣೆಯ ನೇರಕ್ಕೆ ನೆಲದ ಮೇಲೆ ಇಟ್ಟೆ. ಮುಂಬಾಗಿಲು ತೆರೆದು ಕೂತೆ. ಎದುರು ಮನೆಯವರೊಬ್ಬರು ಬಾಲ್ಕನಿಗೆ ಬಂದು, ಟ್ರಾನ್ಸ್‌ಫಾರ್ಮರ್ ಕಡೆ ನೋಡಿ, ಒಳಗೆ ಹೋದರು. ಅರ್ಧ ಗಂಟೆ ಎಂದು ನೆನಪು. ಐದು ನಿಮಿಷವೂ ಇರಬಹುದು.

ಚಪ್ಪಲಿ ಸದ್ದು ಕೇಳಿತು.

ಕಾಕು ನನ್ನ ಕಡೆ ನೋಡದೆ ನೇರ ಆಂಪ್ಲಿಫೈಯರಿನ ಹಿಂದೆ ಬಗ್ಗಿದರು. ನೇತಾಡುತ್ತಿದ್ದ ತಂತಿ ಹಿಡಿದು ತಿರುಪನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಸ್ಕ್ರೂ ತಾನ ಇಷ್ಟು ಬಿಚ್ಚೂದಿಲ್ಲ."

"ಇಲ್ಲ ಕಾಕು."

"ಕಳ್ಳಿ."

ಉಗುರಿನಿಂದ ಬಿಗಿ ಮಾಡಿದರು. ಸದ್ದು ನಿಂತಿತು. ಕುರ್ಚಿಯನ್ನು ಅಡ್ಡ ತಿರುಗಿಸಿಕೊಂಡು ಕೂತರು, ಕಿಟಕಿಯ ಕಡೆ ನೋಡುತ್ತ ಮಾತಾಡಿದರು. ಅವರ ಹೆಡ್‌ಸೆಟ್ ಮೊದಲು ಬಲಗಿವಿಯ ಮೇಲಿತ್ತಂತೆ. ಒಂದು ಮಳೆಗಾಲ ಎಲ್ಲೋ ದೂರದಲ್ಲಿ ಲೈನಿನ ಮೇಲೆ ಸಿಡಿಲು ಬಿತ್ತು. "ಕಿವಿಯೊಳಗ ಫಟ್ ಅಂತು. ಆಮ್ಯಾಲೆ ಆ ಕಡೆ ಎಲ್ಲಾ ಬಂದ್." ಅವರು ಹೆಡ್‌ಸೆಟ್ಟನ್ನು ಎಡಗಿವಿಗೆ ಬದಲಾಯಿಸಿದರು, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಟೆಲಿಫೋನ್ ಬೋರ್ಡಿನಿಂದ ಎಬ್ಬಿಸಿ ಫೈಲುಗಳ ಮೇಜಿಗೆ ಹಾಕುತ್ತಿದ್ದರು.

"ಫೈಲಿಗೆ ದನಿ ಇರ್ತೈತೇನು, ತಂಗೀ?"

"ಮೆಡಿಕಲ್‌ನಲ್ಲಿ ಗೊತ್ತಾಗ್ಲಿಲ್ವಾ?"

"ಎಡಗಿವಿ ಮುಚ್ಚಿಕೊ ಅಂತಿದ್ರು. ನಾ ಬೆರಳು ಸಡಿಲ ಇಡತಿದ್ದೆ." ಮೊದಲ ಸಲ ನಕ್ಕರು. "ಹದಿನೆಂಟು ವರ್ಷ ಒಬ್ಬ ಡಾಕ್ಟರಗೂ ಸಿಗಲಿಲ್ಲ. ನೀ ಹಾಡು ಹಚ್ಚಿ ಹಿಡದಿ."

ಎರಡು ಕಿವಿಯೂ ಬೇಕು, ನಡುವಿನ ದನಿ ಕೇಳಲು. ಅದು ನನಗೆ ಆಗ ಹೊಳೆಯಿತು. ನನ್ನ ಎರಡು ಚಳಿಗಾಲದ ಕೆಲಸ ಅವರಿಗೆ ಎಂದೂ ತಲುಪಲು ಸಾಧ್ಯವಿರಲಿಲ್ಲ. "ಮತ್ತೆ ನಡುವೆ ನಿಂತಿದ್ದಾಳೆ ಅಂದ್ರಲ್ಲ ಕಾಕು?"

"ನೀ ಕೈ ಮಾಡಿದಿ, ನಾ ನೋಡಿದೆ. ನಿನ್ನ ಮಾರಿ ನೋಡಿದ ಮ್ಯಾಲೆ ಇಲ್ಲಾ ಅನ್ನಾಕ ಆಗತಿತ್ತೇನು?"

ಆಗ ನಾನು ಅತ್ತೆನೋ ಇಲ್ಲವೋ, ತಿಳಿಯದು. ಅತ್ತೆ ಎಂದರೆ ಬರವಣಿಗೆಗೆ ಚಂದ. ಚಹ ಮಾಡಿದ್ದು ಗೊತ್ತು. ಆಂಪ್ಲಿಫೈಯರಿನ ಮುಂಭಾಗದಲ್ಲಿ ಅಲ್ಲಿಯವರೆಗೆ ಮುಟ್ಟದಿದ್ದ ಒಂದು ಸಣ್ಣ ಸ್ವಿಚ್ಚಿತ್ತು, ಮೋನೊ ಎಂದು. ಅದನ್ನು ಒತ್ತಿದರೆ ಎರಡೂ ಕಡೆಯ ದನಿ ಒಂದಾಗಿ, ಎರಡೂ ಸ್ಪೀಕರಿನಿಂದ ಅದೇ ಬರುತ್ತದೆ. ಎಡ, ಬಲ ಎಂಬುದು ಇರುವುದಿಲ್ಲ. ಒತ್ತಿದೆ. ಅದೇ ರೆಕಾರ್ಡಿನ ಅದೇ ಬದಿ ಹಾಕಿದೆ.

ಕಾಕು ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತಿನ ಮೇಲೆ, "ಯಾರೋ ತಬಲಾ ಬಾರಿಸಾಕತ್ತಾನಲ್ಲ. ಇವ ಮೊದಲಿಂದ ಇದ್ದನೇನು?" ಎಂದರು.

ಮೊದಲಿಂದಲೂ ಇದ್ದ. ಬಲಗಡೆಯ ಸ್ಪೀಕರಿನಲ್ಲಿದ್ದ.

ಮರುದಿನ ಅವರ ಕೂಲರಿಗೆ ನೀರು ತುಂಬಿತು. ಆಮೇಲಿನ ಬೇಸಿಗೆಗಳ ಪದ್ಧತಿ ಸರಳವಾಗಿತ್ತು. ಸಂಜೆ ಗುಂಡಿಗೆ ನೀರು ಹಾಕಿ ಅವರು ಮೇಲೆ ಬರುತ್ತಿದ್ದರು. ನಾನು ಕೂಲರ್ ನಿಲ್ಲಿಸುತ್ತಿದ್ದೆ. ರೆಕಾರ್ಡಿನ ಒಂದು ಬದಿ, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಇಬ್ಬರ ಬೆನ್ನೂ ಒದ್ದೆ. ತಟ್ಟೆ ತಿರುವಿ ಹಾಕುವ ಮೊದಲು ಕೂಲರ್ ಹಚ್ಚಿ, ಅದರ ಮುಂದೆ ನಿಂತು ಆರಿಸಿಕೊಂಡು, ಮತ್ತೆ ನಿಲ್ಲಿಸಿ ಎರಡನೆಯ ಬದಿ. ಒಮ್ಮೆ ನನ್ನ ಜಾಣತನದಿಂದ, ರೆಕಾರ್ಡುಗಳು ಬಿಸಿಗೆ ಸೊಟ್ಟಗಾಗಬಾರದೆಂದು ಅವನ್ನು ಕೂಲರಿನ ತಂಪು ಗಾಳಿಗೇ ಇಟ್ಟೆ. ಜುಲೈ ಹೊತ್ತಿಗೆ ಹೊದಿಕೆಗಳ ಮೇಲೆಲ್ಲ ಬೂಷ್ಟು. ಕಾಕು ಒಂದೊಂದನ್ನೇ ಒಣಬಟ್ಟೆಯಿಂದ ಒರೆಸುತ್ತ, "ನೀರಿನ ಪರೀಕ್ಷಾ ಮಾಡಾಕಿ ಈಕಿ!" ಎಂದು ನನಗೆ ಸಂಬಳ ಕೊಡುವವರ ಬಗ್ಗೆ ಮರುಕಪಟ್ಟರು.

ಹೋದ ಬೇಸಿಗೆಗೆ ಮುಂಚಿನ ಚಳಿಗಾಲದಲ್ಲಿ, ನಾನು ತಂಗಿಯ ಮದುವೆಗೆ ಮೈಸೂರಿಗೆ ಹೋಗಿದ್ದಾಗ, ಕಾಕು ಹೋದರು. ಎರಡು ದಿನದ ಜ್ವರ ಎಂದರು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದು, ಅವರ ಮಂಚವನ್ನು ಗೋಡೆಗೆ ನಿಲ್ಲಿಸಿದ್ದರು. ಆದ್ದರಿಂದ ಅವರ ಸಾವಿನ ಬಗ್ಗೆ ನನ್ನ ಬಳಿ ನೆನಪೇ ಇಲ್ಲ. ತಿದ್ದಲಿಕ್ಕೂ ಏನಿಲ್ಲ.

ಈ ವರ್ಷದ ಆ ಸಂಜೆಗೆ ಮರಳುತ್ತೇನೆ. ಗುಂಯ್ ಸದ್ದಿಗೆ ಮೊದಲು ತಿರುಪು ನೋಡಿದೆ. ಬಿಗಿಯಾಗಿಯೇ ಇತ್ತು. ತಂತಿಯೂ ಸರಿಯಾಗಿತ್ತು. ಹಿಂದಿನ ಬೇಸಿಗೆಯಲ್ಲಿ ನಾನು ರೆಕಾರ್ಡ್ ಹಾಕಿರಲೇ ಇಲ್ಲ... ಬಾಲ್ಕನಿಗೆ ಹೋಗಿ ಕೆಳಗೆ ನೋಡಿದೆ. ಮೂಲೆಯ ಮಣ್ಣು ಬಿರುಕು ಬಿಟ್ಟಿತ್ತು.

ಬಕೆಟ್ ತುಂಬಿಸಿಕೊಂಡು ಇಳಿದೆ. ಅಣ್ಣನ ಮಗ ಖಾಪರಖೇಡಾದಿಂದ ಆಗಷ್ಟೇ ಬಂದು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ.

"ನೀವೂ ಚಾಲೂ ಮಾಡಿದ್ರಾ ಅಕ್ಕಾ?" ಎಂದ. "ಅತ್ತೀನೂ ರೋಜ್ ಹಾಕತಿದ್ಲು. ಝಾಡ್ ತೋ ಕಭೀ ಆಯಾ ನಹೀ."

"ಗಿಡ ಬರಲ್ಲ," ಎಂದೆ.

ಅವನು ಬೂಟು ಬಿಚ್ಚುವುದನ್ನು ಅರ್ಧಕ್ಕೆ ಬಿಟ್ಟ. ಒಂದು ಕಾಲಲ್ಲಿ ಬೂಟು, ಒಂದು ಬರಿಗಾಲು, ಎದ್ದು ಬಂದು ಗುಂಡಿಗೆ ಅಡ್ಡವಿದ್ದ ತನ್ನ ಸ್ಕೂಟರನ್ನು ಆಚೆ ಸರಿಸಿಕೊಟ್ಟ. ನೀರು ಹುಯ್ದೆ. ಮಣ್ಣು ಸದ್ದು ಮಾಡಿ ಕುಡಿಯಿತು. ಅದೇ ವಾಸನೆ, ಅಥವಾ ಅದರ ಹತ್ತಿರದ್ದು.

ಮೇಲೆ ಬಂದು ಮೋನೊ ಸ್ವಿಚ್ ಒತ್ತಿ, ಸದ್ದು ಕಡಿಮೆಯಾಗಿದೆಯೇ ಎಂದು ಕೇಳುತ್ತ ನಿಂತೆ. ಆಗಿದೆ ಎಂದು ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ನನಗೆ ತಿಳಿಯಲಿಲ್ಲ. ತಿಳಿದು ಬರೋಬರ್ ಎನ್ನುವವರು ಕೆಳಗಿನ ಮನೆಯಲ್ಲಿಲ್ಲ. ಆ ಕುರ್ಚಿಯನ್ನು ಯಾರೋ ಬಂದವರು ನೇರ ಮಾಡಿಟ್ಟಿದ್ದರು. ಅದನ್ನು ಕಿಟಕಿಯ ಕಡೆ ತಿರುಗಿಸಿಟ್ಟು, ನಾನು ನೆಲದ ಮೇಲೆ ಕೂತು, ಸದ್ದಿನ ಜೊತೆಗೇ ಒಂದು ಬದಿ ಕೇಳಿದೆ. ತಬಲಾದವನು ಇದ್ದ.

ನಾಳೆಯೂ ಒಂದು ಬಕೆಟ್ ಹಾಕಬೇಕು. ಒಂದು ದಿನದ ನೀರಿಗೆ ಮಣ್ಣು ತೇವ ಹಿಡಿಯುವುದಿಲ್ಲ ಎನ್ನುತ್ತಿದ್ದರು ಕಾಕು.